ಉಪ್ಪಿಲ್ಲದ ತಟ್ಟೆ

ಊಟದ ಫೋಟೊ ತೆಗೆಯುವುದು ನನ್ನ ಕಸುಬು. ಹೋಟೆಲಿನ ಮೆನು, ಮಸಾಲೆ ಪೊಟ್ಟಣ, ದೀಪಾವಳಿ ವಿಶೇಷಾಂಕದ ಮುಖಪುಟ, ಹೀಗೆ ಪುಣೆಯಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ನಾರಾಯಣ ಪೇಟೆಯಲ್ಲಿ ಹುಟ್ಟಿದವನು ನಾನು, ಅಡ್ಡಹೆಸರು ಚಿತ್ರೆ. ಅಲ್ಲಿನವರೆಲ್ಲರಂತೆ ನನಗೂ ನನ್ನ ತಪ್ಪು ಒಪ್ಪಿಕೊಳ್ಳುವ ಮೊದಲು ಬೇರೆ ನಾಲ್ವರ ತಪ್ಪು ಎತ್ತಿ ಆಡುವ ಅಭ್ಯಾಸ. ಆದರೆ ವೈಜಯಂತಿ ಸಬ್ನೀಸರ ಬಗ್ಗೆ ಬರೆಯಲು ಕೂತರೆ ಆ ಉಪಾಯ ನಡೆಯುವುದಿಲ್ಲ. ಕೂತಾಗಲೆಲ್ಲ ಎಡಗಡೆಯಿಂದ ಮೂರು ಬೆರಳು ಒಳಗೆ ಬರುತ್ತವೆ.

ನಮ್ಮ ಮನೆಯ ಹಿಂದಿದ್ದ ಹಳೆಯ ತೊಟ್ಟಿಮನೆ ವಾಡೆಯಲ್ಲಿ ಅವರ ಖಾನಾವಳಿ ಇತ್ತು. ನಡೆಸುತ್ತಿದ್ದದ್ದು ಅವರ ಅತ್ತೆ. ಊರಿಗೆಲ್ಲ ಅವರು ಮಾಯಿ. ನಲವತ್ತು ವರ್ಷ ಓದುವ ಹುಡುಗರಿಗೆ, ಗುಮಾಸ್ತರಿಗೆ ಬಡಿಸಿದ ಕೈ ಅದು. ಮೊದಲು ತಟ್ಟೆಯ ತಲೆಗೆ ಒಂದು ಚಿಟಿಕೆ ಉಪ್ಪು. ಅದರ ಎಡಕ್ಕೆ ನಿಂಬೆ ಹೋಳು, ಚಟ್ನಿ, ಕೋಸಂಬರಿ, ಬಲಕ್ಕೆ ಪಲ್ಯ, ಆಮಟಿ ಎಂಬ ಬೇಳೆ ಸಾರು, ನಡುವೆ ಅನ್ನ. ಉಪ್ಪು ಬೀಳುವ ಮೊದಲೇ ಕೈ ಹಾಕಿದವನಿಗೆ ಎರಡು ಬೈಗುಳ ಗ್ಯಾರಂಟಿ.

"ಉಪ್ಪು ಬಿದ್ದ ಮೇಲೇ ತಟ್ಟೆ ನಿನ್ನದು ಕಣೋ. ಅಲ್ಲೀವರೆಗೂ ಅದು ನಂದು" ಎನ್ನುತ್ತಿದ್ದರು.

ಮಾಯಿಯ ಮಂಡಿ ಕೈಕೊಟ್ಟ ಮೇಲೆ ಖಾನಾವಳಿ ಮುಚ್ಚಿತು. ಒಂದು ಪತ್ರಿಕೆಗೆ ಅಡುಗೆ ಬರೆದುಕೊಡಲು ಒಪ್ಪಿಕೊಂಡ ವೈಜಯಂತಿ, ಅದಕ್ಕೆ ಫೋಟೊ ಬೇಕೆಂದು ನನ್ನ ಬಳಿ ಬಂದರು. ನೆರೆಯ ಸಲಿಗೆಯಲ್ಲಿ ಅವರು ನನಗೆ ವೈಜು ವಹಿನಿ, ಅಂದರೆ ಅತ್ತಿಗೆ, ನಾನು ಅವರಿಗೆ ಭಾವೋಜಿ, ಅಂದರೆ ಮೈದುನ. ಮೊದಲ ದಿನದ ಚಿತ್ರ ನೋಡಿ ನಾನು ಸುಮ್ಮನಿರಲಿಲ್ಲ.

"ವಹಿನಿ, ಇದು ಆಮಟಿಯೋ, ಮಳೆಗಾಲದ ಮುಠಾ ನದಿಯೋ?"

"ತಿಂದು ನೋಡಿ ಭಾವೋಜಿ, ಆಮೇಲೆ ಮಾತಾಡಿ."

"ನನ್ನ ಕ್ಯಾಮೆರಾಕ್ಕೆ ನಾಲಿಗೆ ಇಲ್ಲವಲ್ಲ."

ಕಲಿಸಿದವನು ನಾನೇ. ತಲೆಯ ಮೇಲಿನ ದೀಪ ಆರಿಸಿ, ಪೂರ್ವದ ಕಿಟಕಿಯ ಬೆಳಕೊಂದೇ ಸಾಕು. ನೆರಳು ಬಿದ್ದ ಕಡೆ ಬಿಳಿ ರಟ್ಟು ಹಿಡಿಯಿರಿ. ಹೊಳೆಯುವ ಸ್ಟೀಲು ಬೇಡ, ಮಾಸಿದ ಹಿತ್ತಾಳೆ ಇರಲಿ. ತರಕಾರಿ ಮುಕ್ಕಾಲು ಬೆಂದರೆ ಸಾಕು, ಬಡಿಸುವಾಗ ಕೈ ಬಿಗಿ ಇರಲಿ, ಕೊತ್ತಂಬರಿ ಕೊನೆಯ ಗಳಿಗೆಗೆ. ಎರಡೇ ವರ್ಷದಲ್ಲಿ ಅವರು ನನ್ನನ್ನು ದಾಟಿ ಹೋದರು. ಬಟ್ಟಲಿನೊಳಗೆ ಪುಟ್ಟ ಬಟ್ಟಲು ಮಗುಚಿಟ್ಟು ಆಮಟಿಯ ಬೇಳೆ ಮೇಲೆ ಕಾಣುವಂತೆ ಮಾಡಿದರು. ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ಅನ್ನದ ಹಿಂದೆ ಬಚ್ಚಿಟ್ಟು ಹಬೆ ಎಬ್ಬಿಸಿದರು. ಹೊಳಪಿಗೆಂದು ಬ್ರಷ್ಷಿನಿಂದ ಹೋಳಿಗೆಗೆ ಗ್ಲಿಸರಿನ್ ಸವರಿದರು. ಗುರುವಿಗೇ ತಿರುಮಂತ್ರ ಬೇರೆ.

"ಬೆಳಕು ಆಗಲೇ ಸರೀತು ಭಾವೋಜಿ, ನಿಮ್ಮ ಚಹಾ ಮಾತ್ರ ಮುಗೀಲಿಲ್ಲ."

ತಟ್ಟೆಯಿಂದ ಉಪ್ಪು ತೆಗೆಸಿದವನೂ ನಾನೇ. ಕಿಟಕಿಯ ಬೆಳಕಿಗೆ ಆ ಬಿಳಿ ಗುಡ್ಡೆ ಕಣ್ಣು ಕುಕ್ಕುತ್ತಿತ್ತು. ನೋಡುವವರ ದೃಷ್ಟಿ ಹೋಳಿಗೆ ಬಿಟ್ಟು ಅಲ್ಲಿಗೇ ಓಡುತ್ತಿತ್ತು. ಅಡುಗೆಮನೆಯ ಬಾಗಿಲ ಬಳಿ ಮಂಚದ ಮೇಲೆ ಕೂತಿದ್ದ ಮಾಯಿ ಕೂಡಲೇ ಕಂಡುಹಿಡಿದರು.

"ಉಪ್ಪೆಲ್ಲಿ?"

"ಫೋಟೊದಲ್ಲಿ ಬೇಡ ಮಾಯಿ" ಎಂದೆ.

"ಉಪ್ಪಿಲ್ಲದ ತಟ್ಟೆ ಇಡೋದು ದೇವರಿಗೆ, ಇಲ್ಲ ಸತ್ತವರಿಗೆ. ಇಲ್ಲಿ ಯಾರು ದೇವರು, ಯಾರು ಸತ್ತವರು, ಅದನ್ನಾದ್ರೂ ಹೇಳೋ ಚಿತ್ರೆ." ಆಮೇಲೆ ಸೊಸೆಯ ಕಡೆ ತಿರುಗಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ಇದೇ ಏನೇ ನಿನ್ನ ವಿದ್ಯೆ?" ಎಂದರು. ಮೂವರೂ ನಕ್ಕೆವು.

ಬರಬರುತ್ತಾ ಮಾಯಿಗೆ ಮರೆವು ಹತ್ತಿತು. ಖಾನಾವಳಿ ಇನ್ನೂ ನಡೆಯುತ್ತಿದೆ ಎಂದುಕೊಂಡು "ಒಳಗೆ ಎಷ್ಟು ಜನ ಕೂತಿದಾರೆ?" ಎಂದು ಕೇಳುತ್ತಿದ್ದರು. ಆ ಶ್ರಾವಣದಲ್ಲಿ ವಿಶೇಷಾಂಕದ ಮುಖಪುಟಕ್ಕೆ ಪೂರ್ತಿ ಹಬ್ಬದೂಟದ ತಟ್ಟೆ ತೆಗೆಯಬೇಕಿತ್ತು. ಎದುರಿನ ಕಟ್ಟಡ ಅಡ್ಡ ಬರುವ ಮೊದಲು ಬೆಳಕು ಸಿಗುವುದು ಇಪ್ಪತ್ತೇ ನಿಮಿಷ. ವಹಿನಿ ಬೆಳಗಿನ ಐದರಿಂದ ನಿಂತೇ ಇದ್ದರು. ನಾನು ಬಟನ್ ಒತ್ತಿದೆ, ಅದೇ ಹೊತ್ತಿಗೆ ಎಡಗಡೆಯಿಂದ ಮಾಯಿಯ ಕೈ ತಟ್ಟೆಯ ಮೇಲೆ ಬಂತು. ವಹಿನಿ ಕೈಯಲ್ಲಿದ್ದ ಬ್ರಷ್ಷಿನ ಹಿಡಿಯಿಂದ ಆ ಕೈಗೆ ಹೊಡೆದರು. ಮರದ ಹಿಡಿ, ಟಕ್ ಎಂದದ್ದು ನನಗೂ ಕೇಳಿಸಿತು.

"ಮುಟ್ಬೇಡಿ ಮಾಯಿ. ಇದು ತಿನ್ನೋದಲ್ಲ, ನೋಡೋದು."

ಕೈ ಹಿಂದಕ್ಕೆ ಹೋಯಿತು. ತಟ್ಟೆಯ ಅಂಚನ್ನು ಒರೆಸಿ ಇನ್ನೆರಡು ಸಲ ತೆಗೆಯುವಷ್ಟರಲ್ಲಿ ಬೆಳಕೂ ಹೋಯಿತು. ಆಮೇಲಿನವು ಯಾವುವೂ ಮೊದಲಿನದರಷ್ಟು ಚೆನ್ನಾಗಿ ಬರಲಿಲ್ಲ.

ಅಂದಿನಿಂದ ಮಾಯಿ ತಮ್ಮ ತಟ್ಟೆ ಮುಂದೆ ಬಂದರೂ ಕೈ ಮಡಿಲಲ್ಲೇ ಇಟ್ಟುಕೊಂಡು ಕೇಳತೊಡಗಿದರು. "ವೈಜು, ಇದು ತಿನ್ನೋದಾ, ನೋಡೋದಾ?"

"ತಿನ್ನೋದು ಮಾಯಿ, ತಿನ್ನಿ."

ಎರಡು ತುತ್ತು ತಿಂದು ಮತ್ತೆ ಅದೇ ಪ್ರಶ್ನೆ. ವಹಿನಿ ಕಾಲು ಹಿಡಿದರು, ಕೈಯಾರೆ ಉಣಿಸಿದರು, ಉಪವಾಸ ಕೂತರು. ಪ್ರಶ್ನೆ ನಿಲ್ಲಲಿಲ್ಲ. ಮಾಘ ಮಾಸದಲ್ಲಿ ಮಾಯಿ ತೀರಿಕೊಂಡರು. ಆ ಹೊತ್ತಿಗೆ ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು.

ಹತ್ತನೆಯ ದಿನ ನದಿಯ ಘಾಟಿನಲ್ಲಿ ಮಾಯಿಯ ಮಗ, ವಹಿನಿಯ ಗಂಡ ದಿನಕರ ಪಿಂಡ ಇಟ್ಟ. ಮರದ ತುಂಬ ಕಾಗೆಗಳು. ಒಂದೂ ಇಳಿಯಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಹಾಗಾಗಿ ಒಬ್ಬೊಬ್ಬರೇ ಮುಂದೆ ಹೋಗಿ ಮಾತು ಕೊಡತೊಡಗಿದರು. ತಂಗಿಯನ್ನು ನೋಡಿಕೊಳ್ಳುತ್ತೇನೆ ಎಂದ ದಿನಕರ. ವಾಡೆ ಮಾರುವುದಿಲ್ಲ ಎಂದ ಅವನ ಚಿಕ್ಕಪ್ಪನ ಮಗ. "ಆ ಮಾತನ್ನ ಕಾಗೆ ಹೇಗೆ ನಂಬುತ್ತೆ" ಎಂದು ಹಿಂದಿನಿಂದ ಯಾರೋ ಗೊಣಗಿದರು. ವಹಿನಿ ಕೊನೆಗೆ ಹೋದರು.

"ತಿನ್ನೋದು ಮಾಯಿ. ಇದು ತಿನ್ನೋದು" ಎಂದರು, ನೆಲಕ್ಕೆ ಹಣೆ ಹಚ್ಚಿ.

ಎರಡು ಗಂಟೆ ಕಾದು ಭಟ್ಟರು ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು.

ವಹಿನಿ ಕೆಲಸ ಬಿಡಲಿಲ್ಲ. ಇನ್ನೂ ಹೆಚ್ಚು ಮಾಡಿದರು. ಆದರೆ ನಾನು ಬಟನ್ ಒತ್ತುವ ಹೊತ್ತಿಗೆ ಬಾಗಿಲ ಬಳಿಯ ಖಾಲಿ ಮಂಚದ ಕಡೆ ತಿರುಗಿ, "ಕೇಳಿಸ್ತಾ ಭಾವೋಜಿ?" ಎನ್ನುತ್ತಿದ್ದರು. ತಮ್ಮ ತಟ್ಟೆಯ ಮುಂದೆ ಕೂತಾಗಲೂ ಮಾಯಿಯ ಅದೇ ಪ್ರಶ್ನೆ ಕೇಳಿಸುತ್ತದೆ, ತುತ್ತು ಇಳಿಯುವುದಿಲ್ಲ ಎಂದರು. ಕಣ್ಣಮುಂದೆಯೇ ಕರಗುತ್ತಿದ್ದರು.

"ಹಸಿದವರ ಕೈಗೆ ಹೊಡೆದೆ ನಾನು. ವರ್ಷದ ಶ್ರಾದ್ಧದ ದಿನ ಕಾಗೆ ಮುಟ್ಟಿದ್ರೆ ಸರಿ. ಮುಟ್ಟದಿದ್ರೆ ನನ್ನ ಕೈ ಅನ್ನ ಅವರಿಗೆ ಬೇಡ ಅಂತ ಅರ್ಥ. ಆಮೇಲೆ ಈ ಮನೇಲಿ ನಾನು ಒಲೆ ಹಚ್ಚೋದಿಲ್ಲ."

ನಾನು ಹೂಂ ಎಂದೆ. ನನಗೂ ಹಗಲು ನಿದ್ದೆ, ಇರುಳು ನಿದ್ದೆ ಎರಡೂ ಹೋಗಿದ್ದವು. ಮುಖಪುಟಕ್ಕೆ ನಾನು ಕೊಟ್ಟದ್ದು ಆ ಮೊದಲ ಚಿತ್ರವನ್ನೇ, ಎಡದಂಚಿನ ಮೂರು ಬೆರಳನ್ನು ಕತ್ತರಿಸಿ. ಊರೆಲ್ಲ ಹೊಗಳಿತು. ಕತ್ತರಿಸದ ಪ್ರತಿ ನನ್ನ ಬಳಿಯೇ ಇತ್ತು. ಅಂದಿನಿಂದ ಯಾವ ಹೋಟೆಲಿನ ಯಾವ ತಟ್ಟೆ ತೆಗೆದರೂ ಎಡದಂಚಿಗೆ ಏನೋ ಬಂದಂತೆ ಕಾಣುತ್ತಿತ್ತು. ಕ್ಯಾಮೆರಾದಿಂದ ಕಣ್ಣು ತೆಗೆದರೆ ಅಲ್ಲಿ ಏನೂ ಇರುತ್ತಿರಲಿಲ್ಲ.

ವರ್ಷದ ದಿನ ಮಾಯಿ ಉಣ್ಣುತ್ತಿದ್ದ ಹಿತ್ತಾಳೆ ತಟ್ಟೆಯಲ್ಲೇ ವಹಿನಿ ಬಡಿಸಿ ತಾರಸಿಯ ಮೇಲಿಟ್ಟರು. ಅನ್ನ, ಖೀರು, ವಡೆ, ಕೆಸವಿನ ಸೊಪ್ಪಿನ ಪಲ್ಯ. ಸತ್ತವರ ತಟ್ಟೆ, ಆದ್ದರಿಂದ ತಲೆಗೆ ಉಪ್ಪಿಲ್ಲ. ಇಟ್ಟವರು ಬಟ್ಟೆಯಿಂದ ಅಂಚು ಒರೆಸಿದರು, ವಡೆಯನ್ನು ಕೂದಲೆಳೆಯಷ್ಟು ಸರಿಸಿದರು, ತಟ್ಟೆಯನ್ನು ಬೆಳಕಿಗೆ ತಿರುಗಿಸಿದರು. ಅದು ಅವರಿಗೆ ಗೊತ್ತಾಗದೇ ಆದದ್ದು.

ಒಂದು ಗಂಟೆಯಾಯಿತು, ಎರಡಾಯಿತು. ನೀರಿನ ಟ್ಯಾಂಕಿನ ಮೇಲೆ ಒಂದು ಕಾಗೆ ಕೂತಿತ್ತು, ಇಳಿಯಲೇ ಇಲ್ಲ. ದಿನಕರ ಮೇಲೆ ಬಂದ.

"ಹಸುವಿಗೆ ಹಾಕೋಣ ವೈಜು. ಆಗುತ್ತೆ ಅಂತ ಭಟ್ಟರೇ ಹೇಳಿದ್ರು. ಕೆಳಗೆ ಜನ ಹಸ್ಕೊಂಡಿದಾರೆ."

"ಐದು ನಿಮಿಷ" ಎಂದರು ವಹಿನಿ. ಅವನು ಇಳಿದು ಹೋದ.

ನಾನು ಮೊಬೈಲು ತೆಗೆದು ಕತ್ತರಿಸದ ಆ ಚಿತ್ರವನ್ನು ಅವರ ಮುಂದೆ ಹಿಡಿದೆ.

"ಮಾಯಿ ಕೈ" ಎಂದರು. "ಯಾಕೆ ತೋರಿಸ್ತೀರಿ ಇದನ್ನ?"

"ದೊಡ್ಡದು ಮಾಡಿ ನೋಡಿ. ಬೆರಳ ತುದಿ."

ಹೆಬ್ಬೆರಳೂ ಎರಡು ಬೆರಳೂ ಕೂಡಿದ್ದವು. ನಡುವೆ ಬಿಳಿ ಹರಳು. ಕೆಳಗೆ ತಟ್ಟೆಯ ತಲೆಯ ಕಡೆ, ಎಡದಂಚಿನಲ್ಲಿ, ನಾಲ್ಕು ಹರಳು ಆಗಲೇ ಬಿದ್ದಿದ್ದವು.

"ಉಪ್ಪು" ಎಂದರು ವಹಿನಿ.

"ತಗೊಳ್ಳೋಕೆ ಬಂದಿರ್ಲಿಲ್ಲ ಅವರು. ಬಡಿಸೋಕೆ ಬಂದಿದ್ರು. ನಿಮಗೆ. ಅದಕ್ಕೆ ಮುಂಚೆ ನನ್ನ ಹತ್ರ ಅಂದ್ರು, 'ಹುಡುಗಿ ಐದು ಗಂಟೆಯಿಂದ ಬರೀ ಹೊಟ್ಟೇಲಿ ನಿಂತಿದಾಳೆ ಚಿತ್ರೆ, ಅವಳಿಗೊಂದು ತಟ್ಟೆ ಬಡಿಸ್ತೀನಿ' ಅಂತ. ನಾನು ಬೆಳಕು ನೋಡ್ತಾ ಹೂಂ ಅಂದುಬಿಟ್ಟೆ."

"ಈ ಉಪ್ಪು ನಿಮಗೆ ಯಾವಾಗ ಕಾಣಿಸ್ತು?"

"ಆವತ್ತೇ ಸಂಜೆ. ಕತ್ತರಿಸುವಾಗ."

"ಮಾಯಿ ಇದ್ದಾಗ."

"ಹೂಂ."

"ಆರು ತಿಂಗಳು ಅವರು ನನ್ನ ಕೇಳ್ತಾನೇ ಇದ್ರಲ್ಲ ಭಾವೋಜಿ. ಒಂದು ಮಾತು ಹೇಳಿದ್ರೆ ನಾನು ಅವರ ಕೈಯಿಂದಲೇ ಬಡಿಸಿಕೊಂಡು ಉಣ್ತಿದ್ದೆ."

ಮೊದಲು ಮುಖಪುಟ ಕೈತಪ್ಪೀತೆಂಬ ಹೆದರಿಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಹೆದರಿಕೆ, ಆಮೇಲೆ ಮಾಯಿಯೇ ಇಲ್ಲ. ಅಂಥ ಹೇಡಿ ನಾನು.

ವಹಿನಿ ಕೆಳಗೆ ಹೋಗಿ ಉಪ್ಪಿನ ಮರಿಗೆ ತಂದರು. ಸತ್ತವರ ತಟ್ಟೆಯ ತಲೆಗೆ ಒಂದು ಚಿಟಿಕೆ ಹಾಕಿದರು. ಆಮೇಲೆ ಕಾಗೆ ಮುಟ್ಟದ ಆ ತಟ್ಟೆಯ ಮುಂದೆ ತಾವೇ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣತೊಡಗಿದರು. ಯಾವ ಮನೆಯಲ್ಲೂ ಹಾಗೆ ಮಾಡುವುದಿಲ್ಲ. ಅಳುತ್ತಾ, ಬೆರಳು ನೆಕ್ಕುತ್ತಾ, ಒಂದು ವರ್ಷದ ಹಸಿವೆಯನ್ನೆಲ್ಲ ಉಂಡರು.

"ತಿನ್ನೋದೇ ಮಾಯಿ. ತಿಂತಾ ಇದೀನಿ" ಎಂದರು.

ಅರ್ಧ ಉಳಿದಾಗ ತಟ್ಟೆಯನ್ನು ಕಟ್ಟೆಯ ಕಡೆ ನೂಕಿ ಎದ್ದರು. ಟ್ಯಾಂಕಿನ ಮೇಲಿದ್ದ ಕಾಗೆ ಇಳಿದು ಬಂದು ಒಂದು ವಡೆ ಕಚ್ಚಿಕೊಂಡು ಹೋಯಿತು. ಪುಣೆಯ ಕಾಗೆಗಳು ದಿನಾ ಮಧ್ಯಾಹ್ನ ತಾರಸಿಗೆ ಇಳಿಯುತ್ತವೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕೆಳಗೆ ಎಲ್ಲರನ್ನೂ ಸಾಲಾಗಿ ಕೂರಿಸಿ ವಹಿನಿ ತಾವೇ ಬಡಿಸಿದರು. ಮಾಯಿಯ ಕ್ರಮವೇ. ಮೊದಲು ತಟ್ಟೆಯ ತಲೆಗೆ ಉಪ್ಪು, ಎಡಕ್ಕೆ ನಿಂಬೆ, ಬಲಕ್ಕೆ ಪಲ್ಯ. ನನ್ನ ತಟ್ಟೆಯೂ ಬಂತು. ಅನ್ನ, ಆಮಟಿ, ವಡೆ, ಎಲ್ಲ ಅದರದರ ಜಾಗದಲ್ಲಿ. ಅಂಚಿನಲ್ಲಿ ಒಂದು ಹನಿ ಚೆಲ್ಲಿಲ್ಲ. ತಲೆಯ ಜಾಗ ಮಾತ್ರ ಖಾಲಿ.

"ಚಿತ್ರೆಗೆ ಉಪ್ಪು ಬಿದ್ದಿಲ್ಲ ನೋಡು" ಎಂದ ದಿನಕರ.

"ಅವರಿಗೆ ಬೇಡ" ಎಂದರು ವಹಿನಿ. "ಕಣ್ಣು ಕುಕ್ಕುತ್ತಂತೆ."

ನಾನು ತಲೆ ಎತ್ತದೆ ಉಂಡೆ. ಪ್ರತಿ ವರ್ಷವೂ ಆ ದಿನ ಅವರು ನನ್ನನ್ನು ಊಟಕ್ಕೆ ಕರೆಯುತ್ತಾರೆ, ನಾನು ಹೋಗುತ್ತೇನೆ, ನನ್ನ ತಟ್ಟೆ ಹಾಗೆಯೇ ಬರುತ್ತದೆ.