ಒದ್ದೆ ಸೀರೆಗಳ ಪಟ್ಟಿ

ನಾನು ನಿಂತಿದ್ದದ್ದು ಸಿರುಗುಪ್ಪದಲ್ಲಿ, ಬಳ್ಳಾರಿಯ ಬಸ್ಸು ಬಂದು ನಿಲ್ಲುವ ಬೇವಿನ ಮರದ ಕೆಳಗೆ, ಬಸ್ಸಿನ ಬಾಗಿಲಿಗೆ ಎಂಟು ಹೆಜ್ಜೆ ದೂರದಲ್ಲಿ. ಶ್ರಾವಣದ ಒಂದು ಬುಧವಾರ, ಬೆಳಿಗ್ಗೆ ಹತ್ತು ದಾಟಿತ್ತು. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಯುದ್ಧಕಾಲ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಂದು ಕಂಡದ್ದು ಅದಕ್ಕೂ ಮೊದಲು ನೂರಾರು ಸಲ ನನ್ನ ಕಣ್ಣಿಗೆ ಬಿದ್ದಿತ್ತು, ನಾನು ನೋಡಿರಲಿಲ್ಲ.

ಆಗ ನಾನು ಬಳ್ಳಾರಿಯಲ್ಲಿ ಆರೋಗ್ಯ ಇಲಾಖೆಯ ಗುಮಾಸ್ತ. ನನ್ನ ಅಕ್ಷರ ದುಂಡಗಿತ್ತು. ಅದನ್ನೇ ಬುದ್ಧಿ ಎಂದು ತಿಳಿದಿದ್ದೆ. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಂದು ಕೆಲಸ ಹೇಳಿದ್ದರು. ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ಮೂತ್ರ ತಡೆಯಲಾಗದ ಹೆಂಗಸರು ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ಎಷ್ಟೆಷ್ಟು ಮಂದಿ ಇದ್ದಾರೆ, ವಿಚಾರಿಸಿ ಪಟ್ಟಿ ಮಾಡಬೇಕು. ನಾನು ಮರ್ಯಾದಸ್ಥ. ಹೆಂಗಸರನ್ನು ಇಂಥದ್ದು ಕೇಳುವುದುಂಟೆ? ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರನ್ನು ಕೇಳಿದೆ.

ಬಳ್ಳಾರಿಯವರು, “ನಮ್ಮಲ್ಲಿ ಎಲ್ಲೈತ್ರಿ? ಸಿರುಗುಪ್ಪದಾಗ ಕೇಳ್ರಿ, ಅಲ್ಲಿಯ ಹೆಣ್ಮಕ್ಕಳು ದಿನಾ ನೀರಾಗ ನಿಂದರ್ತಾರ” ಎಂದರು. ಸಿರುಗುಪ್ಪದವರು, ಅದು ಕೂತು ಉಣ್ಣುವ ಬಳ್ಳಾರಿ ಪೇಟೆಯವರ ರೋಗ ಎಂದರು. ಕುರುಗೋಡಿನವರು ಉದಾರಿಗಳು, ಎರಡೂ ಊರುಗಳಿಗೆ ಸಮನಾಗಿ ಹಂಚಿದರು. ನಾನು ಮೂರು ಊರಿಗೂ ಅಡಿಗೆರೆ ಎಳೆದು, ಕೆಂಪು ಶಾಯಿಯಲ್ಲಿ ‘ಇಲ್ಲ’, ‘ಇಲ್ಲ’, ‘ಇಲ್ಲ’ ಎಂದು ಬರೆದೆ. ಅಷ್ಟು ಚಂದದ ಪಟ್ಟಿಯನ್ನು ನಾನು ಮತ್ತೆ ಮಾಡಿಲ್ಲ.

ಆ ಪಟ್ಟಿಯನ್ನು ಒಪ್ಪಿಸುವ ಮುಂಚೆಯೇ ಸಿರುಗುಪ್ಪದ ಆಚೆಯ ರಾರಾವಿಯಿಂದ ಕಾಗದ ಬಂತು. ನನ್ನ ಹೆಂಡತಿ ಬಸಮ್ಮನ ತಾಯಿ ಹಾಸಿಗೆ ಹಿಡಿದಿದ್ದರು. ಮಗಳ ಮುಖ ನೋಡಬೇಕೆಂದು ಹಟ ಮಾಡುತ್ತಿದ್ದರು. ಕೊನೆಯ ಹೆರಿಗೆಯಾದಾಗಿನಿಂದ ಬಸಮ್ಮ ತವರಿಗೆ ಹೋಗಿರಲಿಲ್ಲ. “ಬಸ್ಸಿನ ಹೊಗಿ ನನಗ ಆಗಂಗಿಲ್ರಿ” ಅನ್ನುತ್ತಿದ್ದಳು. ಪೇಟೆಯ ಗಾಳಿ ತಾಗಿ ಸೊಕ್ಕು ಬಂದಿದೆ ಎಂದು ನಾನು ತೀರ್ಮಾನಿಸಿದ್ದೆ. ಈ ಸಲ ಅವಳು ಮರುಮಾತಿಲ್ಲದೆ ಹೊರಟಳು. ಹಿಂದಿನ ದಿನದಿಂದ ಅವಳು ನೀರು ಕುಡಿದಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ದಾರಿಯಲ್ಲಿ ಇದ್ದಿಲು ಆರಿ ಬಸ್ಸು ಮೂರು ಕಡೆ ನಿಂತಿತು. ಮೂರು ಕಡೆಯೂ ಗಂಡಸರೆಲ್ಲ ಇಳಿದು ಜಾಲಿಗಿಡಗಳ ಮರೆಗೆ ಹೋಗಿಬಂದೆವು. ಹೆಂಗಸರು ಕೂತೇ ಇದ್ದರು. ಎಷ್ಟು ಗಟ್ಟಿಗರು ಎಂದುಕೊಂಡೆ.

ಸಿರುಗುಪ್ಪದಲ್ಲಿ ನಾನು ಮೊದಲು ಇಳಿದು ಮರದಡಿಗೆ ಬಂದೆ. ಬಸಮ್ಮ ಎಲ್ಲರಿಗಿಂತ ಕೊನೆಗೆ ಇಳಿದಳು. ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ನೆಲಕ್ಕೆ ಕಾಲಿಟ್ಟವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ತಂಬಿಗೆಯನ್ನು ನಿಧಾನವಾಗಿ ಬಗ್ಗಿಸಿ, ಸೊಂಟದಿಂದ ಕೆಳಗೆ, ತನ್ನ ನೆರಿಗೆಗಳ ಮೇಲೆ ಸುರಿದುಕೊಂಡಳು. ಕೈ ಜಾರಲಿಲ್ಲ. ಯಾರೂ ತಳ್ಳಲಿಲ್ಲ.

“ಕಣ್ಣು ಎಲ್ಲಿಟ್ಟಿದ್ದಿ? ಮನ್ಯಾಗೂ ಹಿಂಗ, ಒಂದು ಕೊಡ ನೀರು ನೆಟ್ಟಗ ತರಾಕ ಬರಂಗಿಲ್ಲ!” ಎಂದು ನಾನು ರೂಢಿಯಂತೆ ಗದರಿದೆ.

ಮರದಡಿಯಲ್ಲಿ ಭತ್ತದ ನಾಟಿಗೆ ಹೊರಟ ಕರೂರಿನ ಹೆಂಗಸರು ಬಂಡಿ ಕಾಯುತ್ತ ಕೂತಿದ್ದರು. ಅವರ ಮುಂದಾಳು ಹನುಮಕ್ಕ ಎದ್ದು ಬಂದು ಬಸಮ್ಮನಿಗೂ ಜನಕ್ಕೂ ನಡುವೆ ನಿಂತಳು.

“ಸುಮ್ಕಿರ್ರಿ ಯಜಮಾನ್ರ. ಆಕಿ ಚೆಲ್ಲಿದ್ದಲ್ಲ, ಮುಚ್ಚಿದ್ದು. ನಾನೂ ಹಿಂಗ ಎಷ್ಟು ತಂಬಿಗಿ ಸುರುವಿಕೊಂಡೀನಿ.” ಆಮೇಲೆ ಬಸಮ್ಮನ ಕಡೆ ತಿರುಗಿ, “ನಮ್ಮ ಜೋಡಿ ನಾಟಿಗೆ ಬಾರವ್ವಾ ತಂಗಿ. ಮೊಣಕಾಲ ಮಟ ನೀರಾಗ ನಿಂತರ ಎಲ್ಲಾರ ಸೀರಿನೂ ಒಂದ!” ಎಂದಳು.

“ನಗಸಬ್ಯಾಡ ಅಕ್ಕಾ, ನಕ್ಕರ ಮತ್ತ ಕೆಲಸ ಕೆಡತೈತಿ” ಅಂದಳು ಬಸಮ್ಮ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ನಾನು ಪಟ್ಟಿಯ ಚೀಲವನ್ನು ಬಗಲಲ್ಲಿ ಅವುಚಿಕೊಂಡು ನಿಂತೆ. ಬಸಮ್ಮ ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು. ಅದು ಯಾಕೆಂಬುದೂ ಆಗಲೇ ತಿಳಿಯಿತು.

ರಾರಾವಿಯ ದಾರಿಯಲ್ಲಿ ಬಂಡಿಯಲ್ಲಿ ಏನೋ ಕೇಳಹೋದೆ. “ಈಗ ಬ್ಯಾಡ. ಮೊದಲು ಅವ್ವನ್ನ ನೋಡೋಣು” ಎಂದಳು. ಅತ್ತೆ ಮಗಳ ಗುರುತು ಹಿಡಿದರು. ಕೈ ಹಿಡಿದುಕೊಂಡು ಹೊತ್ತು ಮುಳುಗುವವರೆಗೂ ಬಿಡಲಿಲ್ಲ. ಇನ್ನೊಂದು ವಾರ ತಡವಾಗಿದ್ದರೆ ಆ ಭೇಟಿ ಆಗುತ್ತಿರಲಿಲ್ಲ.

ಬಳ್ಳಾರಿಗೆ ಮರಳಿ ಡಾಕ್ಟರಮ್ಮನ ಮುಂದೆ ಪಟ್ಟಿ ಇಟ್ಟೆ. ಅವರು ಬೈಯಲಿಲ್ಲ. “ಯಾರನ್ನು ಕೇಳಿದಿರಿ?” ಎಂದರು, ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಅವರ ಜೊತೆ ಬಸಮ್ಮನೇ ಊರೂರಿಗೆ ಹೋದಳು. ಬಳ್ಳಾರಿಯಲ್ಲಿ ನಲ್ಲಿಯ ಹತ್ತಿರ, ಕುರುಗೋಡಿನಲ್ಲಿ ಹತ್ತಿ ಬಿಡಿಸುವ ಹೊಲದಲ್ಲಿ, ಸಿರುಗುಪ್ಪದಲ್ಲಿ ಗದ್ದೆಯ ಬದುವಿನ ಮೇಲೆ ಕೂತು ಕೇಳಿದಳು. ಮೂರು ಕಡೆಯೂ ಇತ್ತು, ಧಾರಾಳವಾಗಿ ಇತ್ತು. ಊರಿಂದ ಊರಿಗೆ ಬೇರೆಯಾಗಿದ್ದದ್ದು ಮುಚ್ಚುವ ಉಪಾಯ ಮಾತ್ರ: ಬಳ್ಳಾರಿಯಲ್ಲಿ ತುಳುಕುವ ಕೊಡ, ಕುರುಗೋಡಿನಲ್ಲಿ ಮಡಿಲಿಗೆ ಕಟ್ಟಿದ ಹತ್ತಿಯ ಗಂಟು, ಸಿರುಗುಪ್ಪದಲ್ಲಿ ಗದ್ದೆಯ ನೀರು. ಮೂತ್ರ ತಡೆಯುವಾಗಿನಂತೆ ಮೈ ಬಿಗಿಹಿಡಿದು ಬಿಡುವ ಒಂದು ಅಭ್ಯಾಸವನ್ನು ಡಾಕ್ಟರಮ್ಮ ಹೇಳಿಕೊಟ್ಟರು. ಬಸಮ್ಮನಿಗೆ ಪೂರ್ತಿ ಹೋಗಲಿಲ್ಲ; ತವರಿಗೆ ಹೋಗಿಬರುವಷ್ಟು ಕಡಿಮೆಯಾಯಿತು.

ಅಂದು ಮರದಡಿಯಲ್ಲಿ ಇದನ್ನು ನೋಡಿದವರಲ್ಲಿ ಹನುಮಕ್ಕ ಕರೂರಿನಲ್ಲಿ ಇನ್ನೂ ಇದ್ದಾಳೆ. ಬೇಕಾದವರು ಹೋಗಿ ಕೇಳಬಹುದು. ಇನ್ನೊಬ್ಬಳು ಬಸಮ್ಮ, ಒಳಗೆ ಅಕ್ಕಿ ಆರಿಸುತ್ತಿದ್ದಾಳೆ. ಬರೆಯಲು ಅಪ್ಪಣೆ ಕೊಟ್ಟವಳೂ ಅವಳೇ. “ಬರೀರಿ. ಆದ್ರ ನನ್ನ ಬಗ್ಗೆ ಬರದಷ್ಟ ನಿಮ್ಮ ಬಗ್ಗೇನೂ ಬರೀರಿ. ನಿಮಗ ತಿಳಿಯಾಕ ಎಷ್ಟು ವರ್ಷ ಹಿಡೀತು?”

ಆರು ವರ್ಷ. ಒಂದೇ ಮನೆಯಲ್ಲಿ.