ಬಾರೀಕ ಅಂಚಿನ ಕೂಲಿ

ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ನೂಲೂ ಮಗ್ಗವೂ ಮಾಲಕರವು, ದುಡಿಮೆ ನಮ್ಮದು. ಸಾದಾ ಅಂಚಿಗೆ ಒಂದು ಕೂಲಿ, ಸಣ್ಣ ಕುಸುರಿಯ ಬಾರೀಕ ಅಂಚಿಗೆ ಅದಕ್ಕಿಂತ ಹೆಚ್ಚು. ಕೆಲಸ ಕಠಿಣವಾದಷ್ಟೂ ಕೂಲಿ ಏರುತ್ತದೆ. ಲೋಕವೆಲ್ಲ ಇದೇ ಕಾಯ್ದೆಯ ಮೇಲೆ ನಡೆಯುತ್ತದೆ ಎಂದು ಅಪ್ಪ ನಂಬಿದ್ದಾನೆ ಅಂತ ತಿಳಿದೇ ಪಿಯುಸಿ ಮುಗಿದ ಬೇಸಿಗೆಯೆಲ್ಲ ನಾನು ಹೆದರಿ ಸತ್ತೆ.

ಪಿಯುಸಿಯಲ್ಲಿ ನನ್ನದು ವಿಜ್ಞಾನ, ಎದುರು ಮನೆಯ ಗೆಳತಿಯದು ಕಲಾ ವಿಭಾಗ. ಅವಳಿಗೆ ತೊಂಬತ್ತರ ಮೇಲೆ ಬಂತು. ನಾನು ತರಗತಿಗೇ ಮೊದಲಿಗಳಾದರೂ ಎಂಬತ್ತು ದಾಟಲಿಲ್ಲ. ಇಬ್ಬರೂ ಹುಬ್ಬಳ್ಳಿಯ ಒಂದು ಕಾಲೇಜಿಗೆ, ಐದು ವರ್ಷದ ಕಾನೂನು ಓದಲು ಅರ್ಜಿ ಹಾಕಿದೆವು.

ಅಪ್ಪ ಓಣಿ ತುಂಬ ಸಾರಿದ. "ನಮ್ಮಾಕಿ ಕ್ಲಾಸಿಗೆ ಮೊದಲು. ಅದೂ ಸಾಯನ್ಸ್. ಬಾರೀಕ ಅಂಚಿದ್ದಂಗ. ಅದಕ್ಕ ಜಾಸ್ತೀನ ಲೆಕ್ಕ ಹಿಡೀತಾರ."

ಅಷ್ಟಕ್ಕೇ ನಿಲ್ಲಲಿಲ್ಲ. ಮಾಲಕರಿಗೆ ಹೇಳಿ, ನಾನು ನೇಯುತ್ತಿದ್ದ ಮಗ್ಗವನ್ನು ಬೇರೆ ಮನೆಗೆ ಕೊಡಿಸಿಬಿಟ್ಟ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ," ಅಂದಳು ಅವ್ವ. ಅಪ್ಪ ನಕ್ಕ. ನನಗೆ ಹೇಗೆ ನಗು ಬಂದೀತು? ಮಗ್ಗದಡಿ ಕಾಲಿಳಿಸಿ ಕೂರುತ್ತಿದ್ದ ಕುಣಿಗೆ ಹಲಗೆ ಹಾಸಿ ಅವ್ವ ಜೋಳದ ಚೀಲ ಇಟ್ಟಿದ್ದಳು. ಕಾಲೇಜಿನ ನಿಯಮ ನಾನು ಓದಿದ್ದೆ. ಅವರಿಗೆ ಪರ್ಸೆಂಟೇಜ್ ಒಂದೇ ಲೆಕ್ಕ. ವಿಷಯ ಎಷ್ಟು ಕಠಿಣ, ತರಗತಿಗೆ ಎಷ್ಟನೆಯವಳು ಎಂದು ಕೇಳುವವರೇ ಇಲ್ಲ. ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ಅಪ್ಪನ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದೆ.

ಸೀಟು ಹಂಚುವ ದಿನ ಹುಬ್ಬಳ್ಳಿಯಲ್ಲಿ ನಮ್ಮ ಸರದಿ ಬಂದಾಗ ನಾನು ಅಂಕಪಟ್ಟಿ ಮುಂದಿಟ್ಟೆ. ಮೇಜಿನ ಹಿಂದೆ ಕೂತಿದ್ದ ಮೇಡಂಗೆ ಅಪ್ಪನೇ ಮೊದಲು ಹೇಳಿದ. "ಈಕಿ ಕ್ಲಾಸಿಗೆ ಮೊದಲ್ರಿ. ಸಾಯನ್ಸ್ ರಿ, ಗಣಿತ ಸೈತ ಐತ್ರಿ."

"ಚಲೋ ಆತ್ರಿ. ಆದ್ರ ನಾವು ಪರ್ಸೆಂಟೇಜ್ ಅಷ್ಟ ನೋಡೂದ್ರಿ. ಈ ಸಲ ಕಟಾಫ್ ಎಂಬತ್ತೆಂಟಕ್ಕ ನಿಂತೈತಿ."

"ಭಾಳ ಕಠಿಣ ಇತ್ರಿ," ಅಂದ ಅಪ್ಪ. ಮಾಲಕರ ಎದುರೂ ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ಮೇಡಂ ನನ್ನ ಕಾಗದಗಳನ್ನು ಜೋಡಿಸಿ ವಾಪಸು ಕೊಟ್ಟರು. ನಮ್ಮ ಜೊತೆಗೇ ಬಂದಿದ್ದ ಗೆಳತಿಗೆ ಸೀಟು ಸಿಕ್ಕಿತು. ಫೀ ಕಟ್ಟಲು ಅವಳು ತನ್ನ ಅಪ್ಪನ ಜೊತೆ ಅಲ್ಲೇ ಉಳಿದಳು.

ನಾವಿಬ್ಬರೂ ಊರಿನ ದಾರಿ ಹಿಡಿದೆವು. ರೋಣದಲ್ಲಿ ಬಸ್ ಬದಲಿಸಲು ಇಳಿದಾಗ ಅಪ್ಪ ಚಹಾ ಕೊಡಿಸಿದ. ಆಮೇಲೆ ಕೇಳಿದ, "ಅಲ್ಲಿ ಹಂಗ ಹಿಡಿಯೂದಿಲ್ಲಂತ ನಿನಗ ಗೊತ್ತಿತ್ತೇನವಾ?"

ಗೊತ್ತಿತ್ತು ಅಂದೆ. ಬೈಗುಳಕ್ಕೆ ಕಾದು ನಿಂತೆ.

"ನನಗೂ ಗೊತ್ತಿತ್ತು. ನಿಮ್ಮ ಪಿಯು ಕಾಲೇಜಿನ ಸರ್ ಮೊದಲ ಹೇಳಿದ್ರು."

ನಾನು ಗ್ಲಾಸು ಕೆಳಗಿಟ್ಟೆ. "ಮತ್ತ ಮಗ್ಗ ಯಾಕ ಕೊಟ್ಟಿ ಅಪ್ಪಾ?"

ಅವನು ಚಹಾದ ಗ್ಲಾಸನ್ನೇ ನೋಡುತ್ತಿದ್ದ. "ಅದು ಮನ್ಯಾಗ ಇದ್ರ, ಸೀಟ್ ಸಿಗಲಿಲ್ಲಂದ ಕೂಡ್ಲೆ ನಾನ ನಿನ್ನ ಮತ್ತ ಅದಕ್ಕ ಕುಂದರಸ್ತಿದ್ದೆ. ಅದರದ ಅಂಜಿಕಿ ಇತ್ತು ನನಗ."

ಅಲ್ಲಿಯತನಕ ಸೀಟಿಗಾಗಿ ಹೆದರಿದ್ದೆ. ಅಲ್ಲಿಂದ ಮುಂದಿನ ಹೆದರಿಕೆಯೇ ಬೇರೆ. ಮನೆಗೆ ಹೋದರೆ ನನಗೆ ನೇಯಲು ಕೂರುವ ಜಾಗವಿರಲಿಲ್ಲ, ಮುಂದೆ ಯಾವ ಕಾಲೇಜೂ ಕರೆದಿರಲಿಲ್ಲ. ಗಜೇಂದ್ರಗಡದ ಬಸ್ ಬಂತು. ಅಪ್ಪನ ಕೈ ಹಿಡಿದುಕೊಂಡೇ ಹತ್ತಿದೆ.