ಮೂಗಿನ ನಳಿಕೆ ಮತ್ತು ಶ್ರಾವಣ ಸೋಮವಾರ

ದೆಹಲಿಯ ಲೋಧಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯವರು ದೇವೇಂದ್ರಪ್ಪ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಯಾರು ಏನೇ ಕೇಳಿದರೂ ಮೊದಲು "ರೂಲಿನಲ್ಲಿ ಇದೆಯಾ?" ಎನ್ನುವವರು. ತರಕಾರಿ ಭಯ್ಯಾ ಕೊಸರಿಗೆ ನಾಲ್ಕು ಎಳೆ ಕೊತ್ತಂಬರಿ ಹಾಕಿದರೂ ಅನುಮಾನದಿಂದ ನೋಡುತ್ತಿದ್ದರು. ಅವರೊಡನೆ ಜಗಳ ಆಡಿ ಆಡಿಯೇ ನನಗೆ ಅವರ ಮೇಲೆ ಪ್ರೀತಿ ಬೆಳೆದದ್ದು.

೨೦೦೬ರಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ವಾರದಲ್ಲಿ ಐದು ದಿನ ರೇಡಿಯೇಷನ್, ಸೋಮವಾರ ಅದರ ಜೊತೆಗೆ ಡ್ರಿಪ್ಪಿನಲ್ಲಿ ಔಷಧ. ಸೋಮವಾರ ಆಸ್ಪತ್ರೆಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಔಷಧ ಜೊತೆಗಿದ್ದರೆ ಗಡ್ಡೆಗೆ ರೇಡಿಯೇಷನ್ನಿನ ಏಟು ಜೋರಾಗಿ ಬೀಳುತ್ತದೆ, ಆದರೆ ಮೂತ್ರಪಿಂಡಕ್ಕೆ ಅದು ಕಷ್ಟ, ನೀರು ಚೆನ್ನಾಗಿ ಕುಡಿಯಲೇಬೇಕು ಎಂದು ಡಾಕ್ಟರ್ ಸಂಯುಕ್ತಾ ಕನ್ನಡದಲ್ಲೇ ಬಿಡಿಸಿ ಹೇಳಿದ್ದರು. ಮೈಸೂರಿನ ಹುಡುಗಿ, ತಾಳ್ಮೆ ಬಹಳ.

ಶ್ರಾವಣದ ಎರಡನೆಯ ಸೋಮವಾರ ರಕ್ತ ಪರೀಕ್ಷೆ ನೋಡಿ ಆಕೆ ಔಷಧ ನಿಲ್ಲಿಸಿದರು. ಮೂತ್ರಪಿಂಡ ಸೋಲುತ್ತಿತ್ತು. ಹೀಗೇ ಆದರೆ ಬರೀ ರೇಡಿಯೇಷನ್ನನ್ನೇ ನಂಬಬೇಕು, ಗುಣವಾಗುವ ಅವಕಾಶ ಕಡಿಮೆಯಾಗುತ್ತದೆ ಎಂದರು. ಆಗ ಬಾಯಿ ಬಿಟ್ಟರು ನಮ್ಮ ಮಹಾರಾಯರು. ಶ್ರಾವಣ ಸೋಮವಾರ ಸಂಜೆಯ ಪೂಜೆಯ ತನಕ ಹನಿ ನೀರೂ ಮುಟ್ಟುವುದಿಲ್ಲವಂತೆ. ಉಳಿದ ದಿನ ಗಂಟಲ ಉರಿಗೆ ಹೆದರಿ ಒಂದೆರಡು ಗುಟುಕು. ನನಗೆ ಸಿಟ್ಟು ನೆತ್ತಿಗೇರಿತು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ನೀರು ಕೊಡೋಣ ಎಂದು ಡಾಕ್ಟರ್ ಹೇಳಿದರೆ ಅದಕ್ಕೂ ಒಪ್ಪಲಿಲ್ಲ. ವ್ರತ ಕೆಡುತ್ತದಂತೆ.

ಅವರ ಹೆಂಡತಿ ಸುಶೀಲಮ್ಮನಿಗೆ ಈ ಮನುಷ್ಯನ ಜೊತೆ ವಾದ ಮಾಡುವ ಬಗೆ ಗೊತ್ತಿತ್ತು.

"ಉಪವಾಸ ಬಾಯಿಗೆ ತಾನೇ ರೀ? ಮೂಗಿನ ವಿಷಯ ಯಾವ ರೂಲಿನಲ್ಲಿದೆ?" ಎಂದು ಕೇಳಿದರು.

ದೇವೇಂದ್ರಪ್ಪ ನಿಜವಾಗಿಯೂ ಯೋಚನೆ ಮಾಡಿದರು. ಆಮೇಲೆ ಡಾಕ್ಟರ ಕಡೆಗೆ ಮುಖ ಎತ್ತಿ ಕೂತರು. ನಳಿಕೆ ಇಳಿಯಿತು.

ಮುಂದಿನ ಸೋಮವಾರ ರಕ್ತ ಪರೀಕ್ಷೆ ಸರಿಯಾಗಿ ಬಂದು ಔಷಧ ಮತ್ತೆ ಶುರುವಾಯಿತು. ನನಗೆ ಅಲ್ಲೇ ಕಣ್ಣು ತುಂಬಿತು. ಸುಶೀಲಮ್ಮ ಪಕ್ಕದಲ್ಲಿ ಕೂತು ನಳಿಕೆಗೆ ನೀರು ಹಾಕುತ್ತಿದ್ದರು. ಮಧ್ಯಾಹ್ನ ನಾನು ಚಹಾ ತಂದು ಕೊಟ್ಟರೆ ಬೇಡವೆಂದರು. ನೀರೂ ಬೇಡವೆಂದರು. ಒತ್ತಾಯ ಮಾಡಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: ಮೂಗಿನ ವಾದವನ್ನು ದೇವರು ಒಪ್ಪದೇ ಹೋದರೆ ಎಂಬ ಭಯಕ್ಕೆ, ಗಂಡನ ಪಾಲಿನ ಉಪವಾಸವನ್ನು ತಾವೇ ಹಿಡಿದಿದ್ದರು.

ದೇವೇಂದ್ರಪ್ಪನವರಿಗೆ ಅದು ಕೇಳಿಸಿತು. ಡ್ರಿಪ್ಪು ಇಲ್ಲದ ಕೈಯಿಂದ ಲೋಟಕ್ಕೆ ನೀರು ಬಗ್ಗಿಸಿ ಹೆಂಡತಿಯ ಕಡೆ ಚಾಚಿದರು. ದನಿ ಸರಿಯಾಗಿ ಹೊರಡುತ್ತಿರಲಿಲ್ಲ.

"ಕುಡಿ," ಎಂದರು. "ದೇವರಿಗೆ ನಾನು ಹೇಳ್ಕೋತೀನಿ."